ಭಾನುವಾರದ ವರದಿ

“ತಡಿಯಮ್ಮಾ, ಕಾಲ ಮೇಲೆ ಹಾಕ್ಕೋತೀಯ!” ಎಂದು ಮುದುಕ ಸಲಿಕೆಗೆ ಕೈ ಹಾಕಿದ.

ಹೆಂಡತಿ ಟೀಚರಮ್ಮನನ್ನು ಹೊಲದ ಮೂಲೆಯ ಗುಂಡಿಗಿಳಿಸಿ ಇನ್ನೂ ಅರ್ಧ ಮಣ್ಣೂ ಮುಚ್ಚಿರಲಿಲ್ಲ. ಹೊಲಿಗೆ ಬಿಟ್ಟು ಬೇಸಾಯ ಕಲಿಯಲು ಬಂದಿದ್ದ ದರ್ಜಿ ಹುಡುಗಿ ಸಲಿಕೆಯ ಹಿಡಿಯನ್ನು ತುದಿಯಲ್ಲಿ, ಎರಡೂ ಕೈ ಒಟ್ಟಿಗೆ ಸೇರಿಸಿ ಹಿಡಿದಿದ್ದಳು. ಎತ್ತಿದ ಮಣ್ಣೆಲ್ಲ ಅವಳ ಚಪ್ಪಲಿಯ ಮೇಲೇ ಸುರಿಯುತ್ತಿತ್ತು. ಪಕ್ಕದಲ್ಲಿದ್ದ, ಹಿಂದೆ ಟ್ಯಾಕ್ಸಿ ಓಡಿಸುತ್ತಿದ್ದವನದೂ ಅದೇ ಪಾಡು. ಇಬ್ಬರೂ, ಬೇಲಿಯ ಹತ್ತಿರ ನಿಂತಿದ್ದ ಉಳಿದವರೂ, ಟೀಚರಮ್ಮನ ಹೆಸರಿನ ತರಬೇತಿಯಲ್ಲಿ ಎರಡನೇ ವರ್ಷದವರು.

“ಎರಡು ವರ್ಷ ಏನು ಕಲಿತ್ರಿ ಹಾಗಾದ್ರೆ?” ಮುದುಕ ಬೈದದ್ದಲ್ಲ, ನಿಜವಾಗಿಯೂ ಕೇಳಿದ.

“ಮಾಲೀಕರ ಶೆಡ್ಡಲ್ಲಿ ಪೆಟ್ಟಿಗೆಗೆ ಟೊಮೆಟೊ ತುಂಬೋದು,” ಹುಡುಗಿ ತಲೆ ತಗ್ಗಿಸಿದಳು. “ಹೊಲಕ್ಕೆ ಇಳಿಸೇ ಇಲ್ಲ.”

“ಮತ್ತೆ ನೀನು ಹಾಕಿದ ಈರುಳ್ಳಿ?”

“ಯಾವ ಈರುಳ್ಳಿ, ತಾತ?”

*

ಟೀಚರಮ್ಮ ಶಾಲೆಯ ಟೀಚರಲ್ಲ. ಹೊಲದ ಗಾಳಿಯೇ ಸೋಕದವರಿಗೆ ಬೇಸಾಯ ಕಲಿಸಬೇಕೆಂಬ ಹುಚ್ಚು ಅವಳಿಗೆ. ವರ್ಷ ವರ್ಷವೂ ತರಬೇತಿಗೆ ಹಣ ಕೊಡುವ ನಿಧಿಗೆ ಅರ್ಜಿ ಹಾಕುವಳು, ವರ್ಷ ವರ್ಷವೂ ಅದು ಗೋಡೆಗೆ ಹೊಡೆದ ಚೆಂಡಿನಂತೆ ವಾಪಸು ಬರುವುದು. ಒಂಟಿ ರೈತರಿಗೆ ಅನುದಾನವಿಲ್ಲ, ಸಂಸ್ಥೆಯೇ ಬೇಕು ಎಂಬುದು ನಿಯಮ. ಅವಳ ಮೊದಲ ಶಿಷ್ಯ ಆ ಹೊತ್ತಿಗೆ ದೊಡ್ಡ ತೋಟದ ಮಾಲೀಕನಾಗಿದ್ದ. ಒಂದು ದಿನ ಅಡುಗೆಮನೆಯ ಮೇಜಿಗೆ ಮೊಣಕೈಯೂರಿ, “ನನ್ನ ಸಂಸ್ಥೆ ಇದೆಯಲ್ಲಮ್ಮ. ಯೋಜನೆ ನಿಮ್ಮದು, ಓಡಾಟ ನಂದು” ಎಂದ. ಮಕ್ಕಳಿಲ್ಲದ ಮುದುಕನ ಎದೆ ಉಬ್ಬಿತು. “ಮಗ ಅಂದ್ರೆ ಹೀಗಿರ್ಬೇಕು” ಎಂದು ಅವನ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಸುರಿದ.

ಅನುದಾನ ಬಂತು, ಅವಳು ಹಾಸಿಗೆ ಹಿಡಿದಳು. ದರ್ಜಿ ಹುಡುಗಿಯ ಈರುಳ್ಳಿ ಹೇಗೆ ಎದ್ದಿದೆ, ಟ್ಯಾಕ್ಸಿಯವನು ಎಂಥ ಕಸಿ ಕಟ್ಟಿದ ಎಂದು ಮಾಲೀಕ ಭಾನುವಾರ ತಪ್ಪದೆ ಬಂದು ವರದಿ ಒಪ್ಪಿಸುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡೇ, “ನೀರು ಕಮ್ಮಿ ಕೊಡೋಕೆ ಹೇಳು, ಗೆಡ್ಡೆ ಕೊಳೆಯುತ್ತೆ” ಎನ್ನುವಳು. ಮುದುಕ ಇಡೀ ವಾರ ಆ ದಿನಕ್ಕೇ ಕಾಯುತ್ತಿದ್ದ.

*

“ಮಾಲೀಕರ ವರದಿ ಎಲ್ಲಾ ಸುಳ್ಳು ಅಂತ ಅಮ್ಮನಿಗೆ ಗೊತ್ತಿತ್ತು ತಾತ,” ಎಂದ ಟ್ಯಾಕ್ಸಿಯವನು. “ಆಸ್ಪತ್ರೇಲಿ ನಾವೇ ಹೇಳಿದ್ವಿ.”

“ಗೊತ್ತಿತ್ತಾ? ನನಗ್ಯಾಕೆ ಹೇಳಲಿಲ್ಲ?”

“ಬೇಡ ಅಂದ್ರು. ನಾನು ಹೋದ್ಮೇಲೆ ಅವರಿಗೆ ಅಂತ ಉಳಿಯೋನು ಅವನೊಬ್ಬನೇ ಅಂದ್ರು.”

ಮುದುಕ ಗುಂಡಿಯತ್ತ ನೋಡಿದ. ಅವಳ ಮೇಲೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಇಬ್ಬರೂ ಸೇರಿ ಅವನ ಕಣ್ಣಿಗೆ ಮಣ್ಣೆರಚಿದ್ದರು, ಒಬ್ಬ ಹಣಕ್ಕಾಗಿ, ಒಬ್ಬಳು ಪ್ರೀತಿಯಿಂದ. ಜಗಳವಾಡೋಣವೆಂದರೆ ಎದುರು ಮಾತಾಡಲು ಅವಳಿಲ್ಲ.

ಅಷ್ಟರಲ್ಲಿ ಮಾಲೀಕ ನಿಧಿಯ ಅಧಿಕಾರಿಣಿಯನ್ನು ಕರೆದುಕೊಂಡು ಬಂದು ಮುದುಕನ ಹೆಗಲ ಮೇಲೆ ಕೈ ಹಾಕಿದ. “ಅಪ್ಪಾ, ಮೇಡಂ ಅಮ್ಮನ ಹೆಸರಲ್ಲಿ ತರಬೇತಿ ಮುಂದುವರಿಸೋ ಯೋಚನೇಲಿದ್ದಾರೆ. ಹೇಗೆ ನಡೀತಿದೆ ಅಂತ ನೀವೇ ಒಂದು ಮಾತು ಹೇಳಿಬಿಡಿ.” ಆಮೇಲೆ ಕಿವಿಯ ಹತ್ತಿರ ಬಗ್ಗಿ, “ಇನ್ನೂ ಪ್ರತಿ ಭಾನುವಾರ ಬರ್ತೀನಿ, ಚಿಂತೆ ಮಾಡ್ಬೇಡಿ” ಎಂದ.

ಆ ಕೈ ಬೆಚ್ಚಗಿತ್ತು. ಒಂದು ಹೂಂ ಅಂದರೆ ಸಾಕು, ಮನೆಗೆ ಬರುವವನೊಬ್ಬ ಉಳಿಯುತ್ತಾನೆ. ಈಗಲೂ ಅದು ತನಗೆ ಬೇಕೆನಿಸಿದ್ದಕ್ಕೆ ಮುದುಕನಿಗೆ ನಾಚಿಕೆಯಾಯಿತು.

ಅವನು ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ತೆಗೆದ. “ಮಾತ್ಯಾಕೆ ಮೇಡಂ, ನೋಡೇ ಬಿಡಿ” ಎಂದು ಸಲಿಕೆಯನ್ನು ಹುಡುಗಿಗೆ ಕೊಟ್ಟ.

“ತಾತ, ನನಗೆ ಬರಲ್ಲ,” ಅವಳು ಪಿಸುಗುಟ್ಟಿದಳು.

“ಬರಲ್ಲ ಅನ್ನೋದನ್ನೇ ತೋರಿಸು, ಮಗಳೇ.”

ಹುಡುಗಿ ಎತ್ತಿದಳು. ಮಣ್ಣು ದಾರಿಯಲ್ಲೇ ಜಾರಿ ಮಾಲೀಕನ ಬೂಟಿನ ಮೇಲೆ ಬಿತ್ತು. “ಪಾಪ, ದುಃಖದಲ್ಲಿ ಕೈ ನಡುಗ್ತಿದೆ” ಎಂದು ಅವನು ನಗಲು ನೋಡಿದ.

ಟ್ಯಾಕ್ಸಿಯವನು ಯಾರೂ ಕರೆಯದೆಯೇ ಮುಂದೆ ಬಂದು ಸಲಿಕೆ ತೆಗೆದುಕೊಂಡ. ಅವನ ಹಿಂದೆ ಬೇಲಿಯ ಹತ್ತಿರದಿಂದ ಇನ್ನೊಬ್ಬಳು, ಮತ್ತೊಬ್ಬ. ಒಬ್ಬೊಬ್ಬರೇ ಸಾಲಾಗಿ ನಿಂತು ಎತ್ತಿದರು, ಎಸೆದರು. ಅಧಿಕಾರಿಣಿ ಕನ್ನಡಕ ಒರೆಸಿ ಹಾಕಿಕೊಂಡು ಒಬ್ಬೊಬ್ಬರ ಕೈಯನ್ನೂ ನೋಡಿದಳು. ಗುಂಡಿಯ ಸುತ್ತಲೂ ಮಣ್ಣು ಚೆಲ್ಲಾಪಿಲ್ಲಿಯಾಗಿ ಹರಡಿತ್ತು. ಒಳಗೆ ಟೀಚರಮ್ಮ ಇನ್ನೂ ಅರ್ಧವೇ ಮುಚ್ಚಿಹೋಗಿದ್ದಳು.