ಎಂಟನೇ ದಿನದ ತಪ್ಪಲೆ

ಸೋಶಾಳ ಒಲೆಯ ಮಗ್ಗುಲಲ್ಲಿ ಒಂದು ಮೊಳೆ, ಆ ಮೊಳೆಗೊಂದು ಸೌಟು. ಯೆಹೂದಿಗಳ ಪೆಸಹ ಹಬ್ಬ ಬಂತೆಂದರೆ ವರ್ಷವಿಡೀ ಬಳಸಿದ ಸೌಟು ಅಟ್ಟ ಸೇರುತ್ತಿತ್ತು, ಹಬ್ಬದ ಸೌಟು ಕೆಳಗಿಳಿಯುತ್ತಿತ್ತು. ಯಾವ ಸೌಟೇ ಆಗಲಿ, ಅದು ಸೋಶಾಳ ಕೈಯಿಂದ ಇನ್ನೊಬ್ಬರ ಕೈಗೆ ಹೋದದ್ದನ್ನು ಆ ಬೀದಿಯಲ್ಲಿ ಯಾರೂ ಕಂಡವರಿಲ್ಲ. ಸೊಸೆ ಫ್ರೂಮಾ ಲಿಥುವೇನಿಯದ ಕಡೆಯಿಂದ ವೊಲ್ಹಿನಿಯದ ಈ ಪೇಟೆಗೆ ಮದುವೆಯಾಗಿ ಬಂದು ಒಂದು ಚಳಿಗಾಲ ಕಳೆದಿತ್ತು. ಅಷ್ಟರಲ್ಲಿ ಅವಳು ಹೆಚ್ಚಿದ ಈರುಳ್ಳಿ ಗಾಡಿಗಟ್ಟಲೆ. ಒಲೆಯ ಮುಂದೆ ನಿಂತದ್ದು ಮಾತ್ರ ಕೈ ಕಾಯಿಸಿಕೊಳ್ಳಲಿಕ್ಕೆ.

"ಅತ್ತೆ, ಒಂದ್ಸಲ ನಾನು ತಿರುವ್ಲಾ?"

"ನೀನು ಈರುಳ್ಳಿ ನೋಡ್ಕೊಳಮ್ಮ. ಲಿತ್ವಾಕರಿಗೆ ಈರುಳ್ಳಿ ಕೆಲಸ ಬಲು ಚೆಂದ. ನಿಮ್ಮ ಕಣ್ಣಲ್ಲಿ ನೀರೇ ಬರಲ್ವಲ್ಲ!"

ಲಿತ್ವಾಕರೆಂದರೆ ಫ್ರೂಮಾಳ ತವರಿನ ಕಡೆಯವರು; ಓದಿನಲ್ಲಿ ಗಟ್ಟಿ, ಮಾತಿನಲ್ಲಿ ಒಣ. ಹಾಡಿ ಕುಣಿದೇ ದೇವರನ್ನು ಭಜಿಸುವ ಹಸೀದಿ ಪಂಥದವರನ್ನು ಕಂಡರೆ ಮೂಗು ಮುರಿಯುವವರು. ಸೋಶಾಳ ಮನೆ ಅಪ್ಪಟ ಹಸೀದಿ ಮನೆ. ಗಂಡ ಗೆತ್ಸೆಲ್ ಹಗ್ಗ ಹೊಸೆಯುವವನು. ಹೊಸೆಯುವಾಗ ಹಾಡುತ್ತಿದ್ದ, ಹಾಡು ಏರಿದರೆ ಹಗ್ಗ ಬಿಟ್ಟು ಕುಣಿಯುತ್ತಿದ್ದ. ಮಗ ಝೆಲಿಗ್ ಅಪ್ಪನದೇ ಅಚ್ಚು. ಫ್ರೂಮಾಳಿಗೆ ಇಬ್ಬರೂ ಹಿಡಿಸಿದ್ದರು. ಅತ್ತೆಯೂ ಹಿಡಿಸಿದ್ದಳು ಎನ್ನಿ, ಆ ಸೌಟೊಂದು ನಡುವೆ ಇರದಿದ್ದರೆ. ಕೈಗೆ ಸೌಟು ಸಿಗದ ಮನೆಯಲ್ಲಿ ತಾನು ಸೊಸೆಯೋ ನೆಂಟಳೋ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಹಬ್ಬ ಬಂತು. ಹುಳಿಹಿಡಿದ ಹಿಟ್ಟಿನ ಚೂರೂ ಉಳಿಯದಂತೆ ಮನೆ ತೊಳೆದರು, ಗುಡಿಸಿದರು, ಸುಟ್ಟರು. ಹುಳಿಯಿಲ್ಲದ ಮಾತ್ಸಾ ರೊಟ್ಟಿ ಮೇಜಿಗೆ ಬಂತು. ಮೊದಲ ರಾತ್ರಿಯ ಊಟದಲ್ಲಿ ಫ್ರೂಮಾ ತನ್ನ ತಟ್ಟೆಯ ಸಾರನ್ನು ಚಮಚದಿಂದ ಕೆದಕಿ ನೋಡಿದಳು. ಬರೀ ಸಾರು. ಉಂಡೆಯೇ ಇಲ್ಲ! ತವರಿನಲ್ಲಿ ಮಾತ್ಸಾ ಕುಟ್ಟಿ ಪುಡಿಮಾಡಿ, ಮೊಟ್ಟೆ, ಬಾತಿನ ಕೊಬ್ಬು, ಚಿಟಿಕೆ ಶುಂಠಿ ಬೆರೆಸಿ ಕೋಳಿಸಾರಿನಲ್ಲಿ ಬೇಯಿಸಿದ ಉಂಡೆ ಇಲ್ಲದೆ ಹಬ್ಬವೇ ಇರಲಿಲ್ಲ. ಅವಳಮ್ಮ ಮಾಡಿದ ಉಂಡೆ ಸಾರಿನ ಮೇಲೆ ಬೆಳ್ಳನೆಯ ಮೋಡದಂತೆ ತೇಲುತ್ತಿತ್ತು. ಆ ಕೈಹದ ಫ್ರೂಮಾಳಿಗೂ ಬಂದಿತ್ತು.

ಇನ್ನೂ ಒಂದು ವಿಚಿತ್ರ ಕಂಡಳು. ಈ ಮನೆಯವರು ರೊಟ್ಟಿಯನ್ನು ಬಟ್ಟೆಯ ಚೀಲದಿಂದ ತೆಗೆದು, ಚೂರು ಉದುರದಂತೆ ತಿಂದು, ಚೀಲ ಬಿಗಿದು ಪಕ್ಕಕ್ಕಿಟ್ಟ ಮೇಲೆಯೇ ಸಾರಿನ ತಟ್ಟೆ ಮುಂದಕ್ಕೆಳೆಯುತ್ತಿದ್ದರು. ಇಲಿಕಾಟ ಇರಬೇಕು ಎಂದುಕೊಂಡಳು. ಪಾಪ, ಉಂಡೆ ಮಾಡೋದನ್ನು ಇವರಿಗೆ ಯಾರೂ ಕಲಿಸಿಲ್ಲ ಎಂದು ಮರುಕಪಟ್ಟಳು.

ಹಬ್ಬದ ನಡುವಿನ ಒಂದು ಬೆಳಿಗ್ಗೆ ಸೋಶಾ ಪಕ್ಕದ ಬೀದಿಯ ಬಾಣಂತಿಯನ್ನು ನೋಡಲು ಹೊರಟಳು. ಮನೆಯ ದೊಡ್ಡ ತಾಮ್ರದ ತಪ್ಪಲೆಯಲ್ಲಿ ಸಾರು ಕುದಿಯುತ್ತಿತ್ತು.

"ಉಕ್ಕದ ಹಾಗೆ ನೋಡ್ಕೊ. ಅಷ್ಟೇ. ಬೇರೆ ಏನೂ ಮಾಡ್ಬೇಡ."

ಅತ್ತೆಯ ಶಾಲು ಮೂಲೆ ತಿರುಗಿದ್ದೇ ತಡ, ಫ್ರೂಮಾ ಒರಳಿಗೆ ರೊಟ್ಟಿ ಹಾಕಿದಳು. ಒನಕೆಯ ತಾಳಕ್ಕೆ ಅಜ್ಜನಿಂದ ಕೇಳಿ ಕಲಿತ ಕೀರ್ತನೆಯೊಂದು ತಾನಾಗಿ ಬಾಯಿಗೆ ಬಂತು. ಇನ್ನೊಂದು ಗಳಿಗೆ, ಅತ್ತೆ ರುಚಿ ನೋಡುತ್ತಾಳೆ, ಸೌಟು ನನ್ನದಾಗುತ್ತದೆ! ಉಂಡೆಗಳು ಒಂದೊಂದಾಗಿ ಸಾರಿಗೆ ಇಳಿದವು, ಮುಳುಗಿದವು, ಉಬ್ಬಿ ಮೇಲೆದ್ದವು.

ಮರಳಿ ಬಂದ ಸೋಶಾ ತಪ್ಪಲೆಯೊಳಗೆ ಇಣುಕಿ ಕಿರುಚಿದ ಸದ್ದಿಗೆ ಹಿತ್ತಲ ಕೋಳಿಗಳೆಲ್ಲ ಚೆದುರಿ ಓಡಿದವು.

"ಅಯ್ಯೋ ನನ್ನಪ್ಪಾ! ನೀರೊಳಗೆ ಮಾತ್ಸಾ! ನನ್ನ ತಪ್ಪಲೆ! ನನ್ನ ಸೌಟು!"

ಗೆತ್ಸೆಲ್, ಝೆಲಿಗ್ ಹಗ್ಗದ ಎಳೆ ಹೆಗಲ ಮೇಲಿರುವಂತೆಯೇ ಓಡಿಬಂದರು. ಝೆಲಿಗ್‌ನ ಮುಖ ಬಿಳಿಚಿತು. "ಫ್ರೂಮಾ, ಹಬ್ಬ ಮುಗಿಯೋ ತನಕ ನಾವು ರೊಟ್ಟಿಗೆ ನೀರು ಸೋಕಿಸೋದಿಲ್ಲ. ನಿಂಗೆ ಗೊತ್ತಿರ್ಲಿಲ್ವಾ?"

"ಯಾರು ಹೇಳಿದ್ರು ನಂಗೆ?"

"ಅದನ್ನೂ ಹೇಳ್ಕೊಡ್ಬೇಕಾ?" ಸೋಶಾ ಹಣೆ ಚಚ್ಚಿಕೊಂಡಳು. "ಉಸಿರಾಡು ಅಂತ ಯಾರಾದ್ರೂ ಹೇಳ್ಕೊಡ್ತಾರಾ? ಇನ್ನು ಈ ಪಾತ್ರೆ ಹಬ್ಬಕ್ಕೆ ಮುಟ್ಟೋ ಹಾಗಿಲ್ಲ. ಮನೆಮಂದಿ ಊಟಕ್ಕೆ ಏನು ಮಾಡ್ಲಿ, ಹಗ್ಗ ಬೇಯಿಸ್ಲಾ?"

ಫ್ರೂಮಾ ಒರಳ ಪಕ್ಕ ಕುಸಿದಳು. ಈರುಳ್ಳಿಗೆ ಬಾರದ ಕಣ್ಣೀರು ಈಗ ಧಾರೆಯಾಗಿ ಬಂತು. ಸೌಟು ಹೋಗಲಿ, ಈ ಮನೆಯ ಹೊಸಿಲೇ ತನಗಿನ್ನು ದಕ್ಕಲಿಕ್ಕಿಲ್ಲ ಅನ್ನಿಸಿತು.

"ಮಾವ, ನಮ್ಮಪ್ಪ ಜೀವಮಾನವೆಲ್ಲ ಇದನ್ನು ತಿಂದಿದಾರೆ. ಅವರು ಪಾಪಿನಾ?"

ಗೆತ್ಸೆಲ್ ನೆಲದ ಮೇಲೆಯೇ ಅವಳೆದುರು ಕುಳಿತ. "ಛೆ ಛೆ, ಏನು ಮಾತು ಅಂತ ಆಡ್ತೀಯ! ನಿಮ್ಮಪ್ಪನ ಸಾರು ಶುದ್ಧ, ನಿಮ್ಮಪ್ಪನೂ ಶುದ್ಧ. ಇದು ಧರ್ಮದ ಗೋಡೆ ಅಲ್ಲ ಮಗಳೇ, ನಮ್ಮೋರು ಪ್ರೀತಿಯಿಂದ ಹಾಕ್ಕೊಂಡ ಬೇಲಿ. ಕೇಳು. ನಮ್ಮ ಹಿರಿಯರು ಐಗುಪ್ತದ ಜೀತ ಬಿಟ್ಟು ಹೊರಟಾಗ ದಾರಿ ಯಾವುದು, ಬುತ್ತಿ ಎಲ್ಲಿ ಅಂತ ಕೇಳಲಿಲ್ಲ. ದೇವರು ಕರೆದ, ಹೊರಟರು. ಬರೀ ನಂಬಿಕೆ. ಆ ನಂಬಿಕೆನೇ ಈ ರೊಟ್ಟಿ. ಆದ್ರೆ ಎಷ್ಟೇ ನಾದಿದ್ರೂ ಒಳಗೆಲ್ಲೋ ನೀರು ಕಾಣದ ಒಂದು ಚಿಟಿಕೆ ಹಿಟ್ಟು ಉಳಿದಿರುತ್ತೆ. ನೀರು ಬಿತ್ತೋ, ಹುಳಿ ಹಿಡಿದು ಉಬ್ಬುತ್ತೆ. ನಾನೂ ಹಾಗೇ. ಯಾರಾದ್ರೂ 'ಗೆತ್ಸೆಲ್, ನಿನ್ನ ಹಗ್ಗ ಎಷ್ಟು ಗಟ್ಟಿ' ಅಂದ್ರೆ ಸಾಕು..."

"ವಾರಗಟ್ಟಲೆ ಟೋಪಿ ತಲೆಗೆ ಹಿಡಿಸಲ್ಲ," ಎಂದಳು ಸೋಶಾ.

"ನೋಡಿದ್ಯಾ! ಅದಕ್ಕೇ ಏಳು ದಿನ ಕಾಯ್ತೀವಿ. ಪ್ರೀತಿ, ಭಯ, ಕರುಣೆ ಅಂತ ಮನಸ್ಸಿಗಿರೋ ಏಳು ಗುಣಕ್ಕೆ ಏಳು ದಿನ. ಎಂಟನೇ ದಿನ ಮಾತ್ರ ನಮ್ಮದಲ್ಲ. ಅದು ಇನ್ನೂ ಬರದೇ ಇರೋ ಕಾಲದ್ದು, ಲೋಕ ಉದ್ಧಾರ ಮಾಡೋಕೆ ಬರೋ ಮೆಸ್ಸೀಯನದ್ದು. ಆಗ ಎಷ್ಟು ನೀರು ಸುರಿದ್ರೂ ಯಾರೊಳಗೂ ಏನೂ ಉಬ್ಬಲ್ಲ. ಅದಕ್ಕೇ ಅವತ್ತು ನಾವು ರೊಟ್ಟೀನ ಸಾರಲ್ಲಿ ಅದ್ದಿ, ಬೀಟ್ರೂಟ್ ಹುಳೀಲಿ ಅದ್ದಿ, ಕೊನೆಗೆ ಚಹಾದಲ್ಲೂ ಅದ್ದಿ ತಿಂತೀವಿ. ಒಣಗಿದ್ದ ನಂಬಿಕೆಗೆ ಅವತ್ತು ಮಳೆ ಬರುತ್ತೆ."

ಫ್ರೂಮಾ ಶಾಲಿನ ತುದಿಯಲ್ಲಿ ಮೂಗೊರೆಸಿಕೊಂಡಳು. "ಹಾಗಾದ್ರೆ ಎಂಟನೇ ದಿನ ಈ ಮನೇಲೂ ಉಂಡೆ ಮಾಡ್ತೀರಾ?"

ಅಪ್ಪ, ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಾಡ್ತಾಳೆ ನಿಮ್ಮತ್ತೆ," ಗೆತ್ಸೆಲ್ ದನಿ ತಗ್ಗಿಸಿದ. "ಅದಕ್ಕೇ ಅಂತ ಒಂದು ಪುಟ್ಟ ಪಾತ್ರೆ ಇದೆ. ಪುಟ್ಟದಾಗಿರೋದೇ ಒಳ್ಳೇದಾಯ್ತು. ಹೋದ ವರ್ಷ ಒಂದುಂಡೆ ಕೈಜಾರಿ ಬಿದ್ದಾಗ ಬೆಕ್ಕು ಮನೆ ಬಿಟ್ಟು ಹೋಯ್ತು."

"ಹಲ್ಲಿರೋರು ತಿನ್ನೋ ಉಂಡೆ ಅದು!" ಎಂದಳು ಸೋಶಾ. ತುಟಿಯ ಕೊನೆಯಲ್ಲಿ ಮಾತ್ರ ನಗು ಇಣುಕಿತು.

ಆಗ ಗೆತ್ಸೆಲ್ ಎದ್ದು ತಪ್ಪಲೆಯ ಸುತ್ತ ಒಂದು ಸುತ್ತು ಬಂದ. ಗಡ್ಡ ನೀವಿಕೊಂಡ. ಇದ್ದಕ್ಕಿದ್ದಂತೆ ಗಹಗಹಿಸಿ ನಕ್ಕ. "ಸೋಶಾ! ಇಷ್ಟು ವರ್ಷ ನಾವು ಈ ಲೋಕಕ್ಕೆ ದೊಡ್ಡ ತಪ್ಪಲೆ, ಬರೋ ಲೋಕಕ್ಕೆ ಪುಟ್ಟ ಗಿಣ್ಣಲು ಇಟ್ಕೊಂಡು ಕೂತಿದ್ವಲ್ಲೇ! ಮೆಸ್ಸೀಯ ಬಂದು 'ನಂಗೆಷ್ಟು ಅಡುಗೆ ಮಾಡಿದೀರಿ' ಅಂದಿದ್ರೆ ಏನು ತೋರಿಸ್ತಿದ್ದೆ? ಈ ಹುಡುಗಿ ಬಂದು ದೊಡ್ಡದನ್ನೇ ಅವನಿಗೆ ಎತ್ತಿಟ್ಟಳು. ಇನ್ಮೇಲೆ ಇದು ಎಂಟನೇ ದಿನದ ತಪ್ಪಲೆ!" ಮಗನ ಹೆಗಲು ಹಿಡಿದು ಅಲ್ಲೇ ಎರಡು ಹೆಜ್ಜೆ ಕುಣಿದೂಬಿಟ್ಟ.

ಬೆಂದ ಉಂಡೆಗಳೇನು ಹಾಳಾಗಲಿಲ್ಲ. ಲಿಥುವೇನಿಯದಿಂದ ಬಂದು ಪ್ರಾರ್ಥನಾಮಂದಿರದ ಹಿಂದಿನ ಕೋಣೆಯಲ್ಲಿ ಒಂಟಿಯಾಗಿದ್ದ ಮೇಷ್ಟ್ರು ತೊದ್ರೆಸ್‌ಗೆ ಝೆಲಿಗ್ ಹೇಳಿಕಳಿಸಿದ. ಮೇಷ್ಟ್ರು ತಮ್ಮದೇ ಪಾತ್ರೆ ಹಿಡಿದು ಓಡಿಬಂದು, ಅಂಗಳದಲ್ಲೇ ಒಂದುಂಡೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಅಮ್ಮಾ," ಎಂದರು. ಕಣ್ಣು ಬಿಟ್ಟು ಸೋಶಾಳಿಗೆ ಕೈಮುಗಿದರು. "ತಾಯೀ, ವರ್ಷಾವರ್ಷಾ ಹೀಗೇ ತಪ್ಪು ನಡೀಲಿ."

ಅಂದು ಮನೆಯವರು ಬೂದಿಯಲ್ಲಿ ಸುಟ್ಟ ಆಲೂಗಡ್ಡೆ ತಿಂದರು. ತಪ್ಪಲೆ ತೊಳೆಸಿಕೊಂಡು ಮೂಲೆಗೆ ಕವುಚಿಕೊಂಡಿತು, ಸೌಟು ಅದರ ಕೆಳಗೆ. ಮೊಳೆ ಬರಿದಾಯಿತು. ಮಿಕ್ಕ ಒಣಪುಡಿಯನ್ನು ಸೋಶಾ ತಾನೇ ಬಟ್ಟೆಯಲ್ಲಿ ಗಂಟುಕಟ್ಟಿ ಎತ್ತಿಟ್ಟಳು. ಯಾರಿಗೆ, ಯಾವಾಗ ಎಂದು ಹೇಳಲಿಲ್ಲ.

ಎಂಟನೇ ದಿನ ಬೆಳಗಾಯಿತು. ಗಂಡಸರು ಪ್ರಾರ್ಥನೆಗೆ ಹೋದರು. ಆರದಂತೆ ಕಾಪಾಡಿದ್ದ ಕೆಂಡದ ಮೇಲೆ ಸೋಶಾ ದೊಡ್ಡ ತಪ್ಪಲೆ ಏರಿಸಿ, ನೀರು, ಕೋಳಿ, ಗಜ್ಜರಿ ಎಲ್ಲ ಹಾಕಿದಳು. ಫ್ರೂಮಾ ಅಭ್ಯಾಸದಂತೆ ಈರುಳ್ಳಿಯ ಮುಂದೆ ಕುಳಿತಳು. ಸಾರು ಕುದಿಯಿತು. ಸೋಶಾ ಪುಡಿಯ ಗಂಟು ಬಿಚ್ಚಿದಳು. ಮೊಟ್ಟೆ, ಕೊಬ್ಬನ್ನು ಅದರ ಪಕ್ಕಕ್ಕೆ ಎಳೆದಿಟ್ಟುಕೊಂಡು ನಿಂತಳು, ಯಾವುದೋ ಕೀರ್ತನೆಯ ಮರೆತ ಸಾಲು ನೆನೆಸಿಕೊಳ್ಳುವವಳ ಹಾಗೆ.

"ಎಷ್ಟು ಹೊತ್ತು ನೆನೆಯೋಕೆ ಬಿಡ್ತೀಯ ನೀನು?" ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಒಂದು ಕೀರ್ತನೆ ಹೇಳಿ ಮುಗಿಸೋವಷ್ಟು, ಅತ್ತೆ. ಉದ್ದದ್ದು."

"ನಾನು ಬಿಡೋದೇ ಇಲ್ಲ. ಕಲಸಿದ್ದೇ ಹಿಚುಕಿ ಹಾಕ್ತೀನಿ." ತಿರುಗಿದಳು. ಕೈಯಲ್ಲಿ ಸೌಟಿತ್ತು. "ನಮ್ಮಮ್ಮ ಹಾಗೇ ಮಾಡ್ತಿದ್ಲು. ಅವಳ ಉಂಡೇನೂ ಕಲ್ಲೇ. ಹಾಗಂತ ಯಾರೂ ಹೇಳಿರ್ಲಿಲ್ಲ, ಈ ಹೊತ್ತು ನಾನೇ ಹೇಳ್ತಿದೀನಿ. ಹಿಡ್ಕೊ."

ಫ್ರೂಮಾ ಕೈ ಒರೆಸಿಕೊಂಡು ಎದ್ದಳು. ಸೌಟು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಹಿಡಿ ಬೆಚ್ಚಗಿತ್ತು.

"ಈರುಳ್ಳಿ, ಅತ್ತೆ?"

"ನಾನು ಹೆಚ್ತೀನಿ ಬಿಡು." ಸೋಶಾ ಸೊಸೆಯ ಜಾಗದಲ್ಲಿ ಕುಳಿತಳು. ಮೊದಲ ಈರುಳ್ಳಿಗೇ ಕಣ್ಣು ತುಂಬಿ ಹರಿಯಿತು. "ಹಾಳಾದ್ದು! ಇದನ್ನ ಹೇಗೆ ಹೆಚ್ತಿದ್ದೆ ನೀನು?"

ಆ ಸಂಜೆ ಹಬ್ಬದ ಕೊನೆಯ ಊಟಕ್ಕೆ ಬೀದಿಯೇ ಬಂತು. ಬಾಣಂತಿಯ ಗಂಡ ಬಂದ, ಮೇಷ್ಟ್ರು ತೊದ್ರೆಸ್ ಚಮಚ ಜೇಬಿನಲ್ಲಿಟ್ಟುಕೊಂಡು ಬಂದರು. ಗೆತ್ಸೆಲ್ ರೊಟ್ಟಿಯನ್ನು ಸಾರಿಗೆ ಅದ್ದಿ ಗಡ್ಡವೆಲ್ಲ ತೋಯಿಸಿಕೊಂಡು ಹಾಡಿದ. ಹಾಡಿನ ನಡುವೆ ಒಬ್ಬರು ಹೊಗಳಿದರು, "ಸೋಶಾ, ನಿನ್ನ ಉಂಡೆ ಈ ವರ್ಷ ತೇಲ್ತಿವೆಯಲ್ಲ!"

"ನಂದಲ್ಲ, ನನ್ನ ಸೊಸೇದು," ಎಂದಳು ಸೋಶಾ. ಬರಿದಾದ ತಟ್ಟೆಯನ್ನು ಫ್ರೂಮಾಳ ಮುಂದೆ ಹಿಡಿದಳು. "ಉಪ್ಪು ಒಂಚೂರು ಕಮ್ಮಿ. ಇನ್ನೆರಡು ಹಾಕು."