ಗ್ಯಾವಿನ್‌ನ ಗಂಟಲು

ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಇಲ್ಲದ ಹೊಟ್ಟೆಯ ಮೇಲಕ್ಕೆ ಬೆಲ್ಟನ್ನು ಎಳೆದುಕೊಂಡು ಗಿರಿಯಪ್ಪ "ರ್ರೈಟ್ ಲ್ಯಾಡ್ಸ್, ಲಿಸನ್ ಅಪ್" ಎಂದಾಗ ಮುದ್ದುಕೃಷ್ಣ ಚಪಾತಿ ಮಗುಚುವುದನ್ನೇ ಮರೆತ.

ಕತಾರಿನ ಬಿನ್ ಮಹಮೂದ್ ಬಡಾವಣೆಯ ಆ ಹಳೆಯ ಫ್ಲ್ಯಾಟಿನ ಅಡುಗೆಮನೆಯಲ್ಲಿ ಇದ್ದವರು ಇಬ್ಬರೇ. ಆದರೆ ಕಣ್ಣು ಮುಚ್ಚಿ ಕೇಳಿದರೆ ಮೂರನೆಯವನೊಬ್ಬ ಬಂದು ನಿಂತಂತಿತ್ತು. ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಇವರ ಕಂಪನಿಯ ಸೇಫ್ಟಿ ಮ್ಯಾನೇಜರ್ ಗ್ಯಾವಿನ್, ಸ್ಕಾಟ್ಲೆಂಡಿನ ಆರಡಿ ಆಳು. ಅವನದೇ ಉರುಳುವ ರಕಾರ, ವಾಕ್ಯದ ಬಾಲಕ್ಕೆ ಅವನದೇ ಸಣ್ಣ ನಿಟ್ಟುಸಿರು. ಎತ್ತರದಿಂದ ಬೀಳದಂತೆ ಕಟ್ಟಿಕೊಳ್ಳುವ ಹಾರ್ನೆಸ್ಸಿನಿಂದ ಹಿಡಿದು ಏಣಿಯವರೆಗೆ ಮೂರು ನಿಮಿಷ ತಡವರಿಸದೆ ಇಂಗ್ಲಿಷ್ ಒಪ್ಪಿಸಿ ಗಿರಿಯಪ್ಪ ಹಣೆ ಒರೆಸಿಕೊಂಡ.

"ಹೇಗುಂಟು ಮಾರಾಯ್ರೆ? ಗುರುವಾರಕ್ಕೆ ಸಾಕಲ್ಲ?"

"ಇದನ್ನ ಯಾರು ಕಲಿಸಿದ್ರು ನಿಮ್ಗೆ?"

"ನೀವೇ ಅಲ್ವಾ. ದಿನಾ ಬಸ್ಸಲ್ಲಿ."

ಕಾವಲಿಯ ಮೇಲೆ ಚಪಾತಿ ಹೊಗೆಯಾಡತೊಡಗಿತು.

ಗಿರಿಯಪ್ಪ ಮುಲ್ಕಿ ಕಡೆಯವ. ಹದಿನಾಲ್ಕು ವರ್ಷದಿಂದ ಇಲ್ಲಿ ಸ್ಕ್ಯಾಫೋಲ್ಡಿಂಗ್, ಅಂದರೆ ಎತ್ತರದ ಕೆಲಸಕ್ಕೆ ಪೈಪಿನ ಅಟ್ಟಣಿಗೆ, ಕಟ್ಟುವ ತಂಡದ ಮೇಸ್ತ್ರಿ. ಎರಡು ತಿಂಗಳ ಹಿಂದೆ ಸೂಪರ್‌ವೈಸರ್ ಜಾಗವೊಂದು ಖಾಲಿಯಾಗಿತ್ತು. ಅದು ಸಿಕ್ಕರೆ ಕಂಪನಿ ಫ್ಯಾಮಿಲಿ ವೀಸಾಕ್ಕೆ ಕಾಗದ ಕೊಡುತ್ತದೆ; ಹೆಂಡತಿ ಪೂವಕ್ಕ, ಮಗಳು ಮೋಕ್ಷಾ ಇಲ್ಲಿಗೆ ಬರಬಹುದು. ಮಗಳಿಗೀಗ ಹನ್ನೊಂದು. ಅವಳ ಜೊತೆ ಅವನು ಇದ್ದದ್ದು ರಜೆಯ ತಿಂಗಳುಗಳನ್ನೆಲ್ಲ ಸೇರಿಸಿದರೆ ಒಂದು ವರ್ಷವಾದೀತು. ಇರುವ ತೊಡಕು ಒಂದೇ. ಬೆಳಗಿನ ಕೆಲಸಕ್ಕೆ ಮೊದಲು ಆಳುಗಳಿಗೆ ಹೇಳುವ ಸುರಕ್ಷತೆಯ ಮಾತನ್ನು ಈ ಗುರುವಾರ ಗ್ಯಾವಿನ್ ಎದುರು ಇಂಗ್ಲಿಷಿನಲ್ಲಿ ಹೇಳಿ ತೋರಿಸಬೇಕು.

ಜಾಗ ಖಾಲಿಯಾದಾಗಲೇ ಅವನು ಇಂಗ್ಲಿಷ್ ಹೇಳಿಕೊಡಿ ಎಂದು ಮುದ್ದುಕೃಷ್ಣನನ್ನು ಕೇಳಿದ್ದ. ಮಂಡ್ಯದ ಬಿ.ಎ., ಕಂಪನಿಯ ಕಾಗದಪತ್ರ ನೋಡಿಕೊಳ್ಳುವವನು, ಒಂದೇ ಫ್ಲ್ಯಾಟಿನವನು. ಮುದ್ದುಕೃಷ್ಣ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದ: "ನಾನು ಫೈಲ್ ಮಾಡೋನು ಗಿರಿಯಣ್ಣ. ನನ್ನತ್ರ ಪಾಠ ಹೇಳಿಸ್ಕೊಂಡ್ರೆ ನೀವು ಫೇಲಾಗೋರು." ಬಸ್ಸು ನಕ್ಕಿತ್ತು. ಮಾತು ಅಲ್ಲಿಗೆ ಮುಗಿದಿತ್ತು.

ನಗಿಸಲು ಆಡಿದ ಆ ಮಾತು ಸುಳ್ಳಾಗಿರಲಿಲ್ಲ. ಕತಾರಿಗೆ ಬರುವ ಮೊದಲು ಒಂದು ವರ್ಷ ಅವನು ಮದ್ದೂರಿನ ಟ್ಯುಟೋರಿಯಲ್ಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ. ಹೆಡ್‌ಮಾಸ್ಟರರಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಎಲ್ಲರ ದನಿ ತೆಗೆದು ಪಾಠ ಮಾಡಿದ್ದ. ಇಪ್ಪತ್ತಮೂರು ಮಕ್ಕಳು ವರ್ಷವಿಡೀ ಹೊಟ್ಟೆ ಹಿಡಿದು ನಕ್ಕರು, ಹತ್ತೊಂಬತ್ತು ಮಕ್ಕಳು ಡುಮ್ಕಿ ಹೊಡೆದರು. ಒಬ್ಬ ಹುಡುಗಿಯ ತಂದೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಮೆತ್ತಗೆ, "ಮಗಳು ಮನೇಲಿ ನಿಮ್ಮ ಪಾಠ ನೆನೆಸ್ಕೊಂಡು ನಗೋಳು ಸಾ. ಬುಡಿ, ಚೆನ್ನಾಗಿತ್ತಂತೆ," ಎಂದು ಹೇಳಿ ಹೋಗಿದ್ದ. ಅವನು ಬೈದಿದ್ದರೆ ಮುದ್ದುಕೃಷ್ಣ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದ.

ಹಾಗಾಗಿ ಪಾಠ ಬಿಟ್ಟು ಬರೀ ಅಣಕ ಉಳಿಸಿಕೊಂಡಿದ್ದ. ಪ್ಲಾಂಟಿಗೆ ಹೋಗುವ ಎಂಬತ್ತು ಕಿಲೋಮೀಟರ್ ದಾರಿಯಲ್ಲಿ ದಿನಕ್ಕೊಮ್ಮೆ ಗ್ಯಾವಿನ್ ಆಗುತ್ತಿದ್ದ. ಎಲ್ಲರೂ ನಕ್ಕು ಹಗುರಾಗುತ್ತಿದ್ದರು. ಗಿರಿಯಪ್ಪನೊಬ್ಬ ನಗುತ್ತಲೇ ಅದನ್ನು ಬಾಯಿಪಾಠ ಮಾಡಿಕೊಂಡಿದ್ದ.

"ಗಿರಿಯಣ್ಣ, ಇದನ್ನ ಹಿಂಗೇ ಗ್ಯಾವಿನ್ ಮುಂದೆ ಹೇಳಿದ್ರೆ ಅವನನ್ನೇ ಆಡಿಕೊಂಡಂಗಾಗುತ್ತೆ."

ಗಿರಿಯಪ್ಪನ ಮುಖ ಇಳಿಯಿತು. "ಅಯ್ಯೋ. ಕೆಮ್ಮುವುದು ಸಹ ಪಾಠದ್ದೇ ಅಂತ ಮಾಡಿದ್ದೆ ನಾನು." ಸೊಂಟ ಮುಟ್ಟಿಕೊಂಡು, "ಬೆಲ್ಟ್ ಎಳೆಯುವುದೂ ಬೇಡ್ವಾ ಹಾಗಾದ್ರೆ?"

ಬೇರೆ ದಿನವಾಗಿದ್ದರೆ ಈ ಒಂದು ಮಾತು ಬಸ್ಸಿನಲ್ಲಿ ಒಂದು ವಾರಕ್ಕಾಗುತ್ತಿತ್ತು. ಇವತ್ತು ಮಂಗಳವಾರ, ನಡುವೆ ಇರುವುದು ಬುಧವಾರ ಒಂದೇ. ಈ ಸಲ ಬಿಟ್ಟುಬಿಡಿ, ಮುಂದಿನ ವರ್ಷ ನೋಡೋಣ ಎಂಬ ಮಾತು ಮುದ್ದುಕೃಷ್ಣನ ನಾಲಿಗೆಯ ತುದಿಯವರೆಗೆ ಬಂದಿತ್ತು.

"ಮನೆಯವಳು ಶಾಲೆಗೆ ಹೋಗಿ ಟೀಸಿ ಬಗ್ಗೆ ವಿಚಾರಿಸಿ ಆಗಿದೆ," ಎಂದ ಗಿರಿಯಪ್ಪ, ನೆಲ ನೋಡುತ್ತ. "ಬೇಡ, ಮೊದಲೇ ಕೇಳುವುದು ಬೇಡ ಅಂತ ಹೇಳಿದ್ದೆ. ಕೇಳ್ಬೇಕಲ್ಲ."

ಮುದ್ದುಕೃಷ್ಣ ಒಲೆ ಆರಿಸಿದ. "ಗ್ಯಾವಿನ್‌ನ ಬಿಡಿ. ನಿಮ್ಮ ಹುಡುಗ್ರಿಗೆ ದಿನಾ ಬೆಳಿಗ್ಗೆ ನೀವು ಹೇಗೆ ಹೇಳ್ತೀರಿ, ಹಂಗೇ ಹೇಳಿ. ಯಾವ ಭಾಷೇಲಾದ್ರೂ ಸರಿ."

ಗಿರಿಯಪ್ಪ ಒಂದು ಕ್ಷಣ ನಾಚಿಕೊಂಡು, ಊಟದ ಮೇಜಿನ ಕಾಲಿನ ಬಳಿ ಕುಕ್ಕುರುಗಾಲಲ್ಲಿ ಕೂತ. ಗ್ಯಾವಿನ್ ಮೇಲಿನಿಂದ, ಹಾರ್ನೆಸ್ಸಿನಿಂದ ಶುರುಮಾಡಿದರೆ ಇವನು ನೆಲದಿಂದ. ಮೇಜಿನ ಬುಡ ಮುಟ್ಟಿ, ಕಾಲು ಅಲುಗಿಸಿ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, ಮಗುವನ್ನು ಮಲಗಿಸುವ ದನಿಯಲ್ಲಿ ಹೇಳಿದ. ಕೆಳಗೆ ಪ್ಲೇಟು, ಅದರ ಮೇಲೆ ಪೈಪು, ಆಮೇಲೆ ಕ್ಲ್ಯಾಂಪು, ಆಮೇಲೆ ಲ್ಯಾಡರು, ಕೊನೆಗೆ ಹತ್ತಬಹುದೆಂದು ತೂಗುಹಾಕುವ ಗ್ರೀನ್ ಟ್ಯಾಗು.

"ಮುಕ್ಕಾಲು ಪಾಲು ಇಂಗ್ಲಿಷೇ ಹೇಳಿದ್ರಲ್ಲ," ಎಂದ ಮುದ್ದುಕೃಷ್ಣ.

"ಅದು ಇಂಗ್ಲಿಷಾ? ಅದು ಸಾಮಾನಿನ ಹೆಸರು ಮಾರಾಯ್ರೆ."

ಊಟಕ್ಕೆ ಮುಂಚೆಯೇ ನಾಲ್ಕು ಮಾತು ಕೂಡಿಬಂದವು. ಫಸ್ಟ್ ಐ ಟಚ್ ಪ್ಲೇಟ್. ಪ್ಲೇಟ್ ನೋ ಮೂವ್. ಐ ಶೇಕ್ ಪೈಪ್, ಪೈಪ್ ನೋ ಮೂವ್. ದೆನ್ ಯೂ ಮೂವ್. ತಿದ್ದಬೇಕೆಂದು ಮುದ್ದುಕೃಷ್ಣನ ಬಾಯಿ ಎರಡು ಸಲ ತೆರೆದು ಎರಡು ಸಲವೂ ಮುಚ್ಚಿತು. ಇದಕ್ಕಿಂತ ಸರಿಯಾಗಿ ಹೇಳಿದರೆ ಇಷ್ಟು ಚೆನ್ನಾಗಿ ಅರ್ಥವಾಗಲಿಕ್ಕಿಲ್ಲ ಎನಿಸಿತು. ಒಂದೂವರೆ ಗಂಟೆ ತಾನು ಒಂದೂ ಜೋಕು ಹೊಡೆದಿಲ್ಲವೆಂಬುದು ಅವನ ಗಮನಕ್ಕೆ ಬಂದದ್ದು ಕೈತೊಳೆಯುವಾಗ.

ಬುಧವಾರ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಬೇಡಿಕೆ ಬಂತು. "ಗ್ಯಾವಿನ್‌ಗೆ ಇವತ್ತು ರಜ," ಎಂದು ಹೇಳಿ ಅವನು ಗಿರಿಯಪ್ಪನ ಪಕ್ಕಕ್ಕೆ ಹೋಗಿ ಕೂತ.

ಗುರುವಾರ ಬೆಳಿಗ್ಗೆ ಯಾರ್ಡಿನಲ್ಲಿ ಇಪ್ಪತ್ತು ಆಳುಗಳು ಅರ್ಧಚಂದ್ರವಾಗಿ ನಿಂತಿದ್ದರು. ಗ್ಯಾವಿನ್ ಪ್ಯಾಡು ಹಿಡಿದು ಪಕ್ಕದಲ್ಲಿದ್ದ. ಮುದ್ದುಕೃಷ್ಣ ತನ್ನ ಕ್ಯಾಬಿನ್ನಿನ ಬಾಗಿಲಲ್ಲಿ ತಲೆಕೆಳಗಾದ ಫೈಲೊಂದನ್ನು ಓದುತ್ತಿದ್ದ.

ಗಿರಿಯಪ್ಪ ಮುಂದೆ ಬಂದ. ಎರಡು ಸಲ ಕೆಮ್ಮಿದ. ಅವನ ಬಲಗೈ ಬೆಲ್ಟಿನ ಕಡೆ ಹೊರಟಿತು. ಮುದ್ದುಕೃಷ್ಣ ಫೈಲು ಮುಚ್ಚಿದ. ಕೈ ಸೊಂಟದ ಹತ್ತಿರ ಒಂದರೆಗಳಿಗೆ ತಡೆದು, ಹಾಗೇ ಕೆಳಕ್ಕಿಳಿದು, ಬಗ್ಗಿದ ಮೈಯೊಂದಿಗೆ ನೆಲದ ಕಬ್ಬಿಣದ ಪ್ಲೇಟನ್ನು ಮುಟ್ಟಿತು.

"ಫಸ್ಟ್ ಐ ಟಚ್ ಪ್ಲೇಟ್," ಎಂದ ಗಿರಿಯಪ್ಪ, ಮುಲ್ಕಿಯ ಗಂಟಲಿನಲ್ಲಿ. "ಪ್ಲೇಟ್ ನೋ ಮೂವ್. ಆಯ್ತಾ?"

ಇಪ್ಪತ್ತು ತಲೆಗಳು ಪ್ಲೇಟಿನತ್ತ ಬಗ್ಗಿದವು. ಇಪ್ಪತ್ತೊಂದನೆಯದು ಗ್ಯಾವಿನ್‌ನದು.

ಮಧ್ಯಾಹ್ನ ಗ್ಯಾವಿನ್ ಸಹಿ ಮಾಡಿದ ಹಾಳೆಯನ್ನು ತಾನೇ ತಂದು ಮುದ್ದುಕೃಷ್ಣನ ಮೇಜಿನ ಮೇಲಿಟ್ಟ. ಪಾಸು. ಹೊರಡದೆ ಅಲ್ಲೇ ನಿಂತು, "ಶುರುವಿನ ಆ ಕೆಮ್ಮು ಎಲ್ಲೋ ಕೇಳಿದ ಹಾಗಿದೆ," ಎಂದ ಇಂಗ್ಲಿಷಿನಲ್ಲಿ.

"ಧೂಳು, ಸರ್."

"ಹಾಗಾದರೆ ನನ್ನದೂ ಧೂಳೇ ಇರಬೇಕು." ಗ್ಯಾವಿನ್‌ನ ಮೀಸೆಯ ಒಂದು ಕೊನೆ ಮಾತ್ರ ಕದಲಿತು. "ಅವನನ್ನು ಕೇಳಿದೆ, ನೀನೇ ಹೇಳಿಕೊಟ್ಟೆಯಂತೆ. ಇನ್ನೂ ನಾಲ್ಕು ಜನ ಇದೇ ಪರೀಕ್ಷೆಗೆ ಕಾಯುತ್ತಿದ್ದಾರೆ. ಅವರಿಗೂ ಹೇಳಿಕೊಡುತ್ತೀಯಾ?"

ಫೈಲು, ಫೇಲಿನ ಮಾತು ಬಾಯಲ್ಲಿ ತಯಾರಿತ್ತು. ಅದನ್ನು ನುಂಗಿದ. ಮದ್ದೂರಿನ ಆ ತಂದೆ ಹೊಸಿಲ ಹೊರಗೆ ಬಗ್ಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದದ್ದು ನೆನಪಾಯಿತು. "ಯೋಚಿಸಿ ಭಾನುವಾರ ಹೇಳ್ತೀನಿ, ಸರ್," ಎಂದ.

ಶುಕ್ರವಾರ ಗಿರಿಯಪ್ಪ ಬಂಗುಡೆ ಸಾರು ಮಾಡಿ, ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿಟ್ಟು ಊರಿನ ಮನೆಯವರೊಡನೆ ಮಾತಾಡಿದ. ಅಲ್ಲಿ ಮೀನು ಯಾವುದು ಸಿಗುತ್ತದೆ, ಬಸಳೆ ಸಿಗುತ್ತದಾ ಎಂದು ಪೂವಕ್ಕ ಒಂದೊಂದಾಗಿ ಕೇಳುತ್ತಿದ್ದಳು. ಪಕ್ಕದಲ್ಲೇ ಉಣ್ಣುತ್ತಿದ್ದ ಮುದ್ದುಕೃಷ್ಣನಿಗೆ ಆ ಸಾರು ಎರಡು ಸಲ ಬೇಕಾಯಿತು.

ವಾರದ ಕೆಲಸ ಶುರುವಾಗುವ ಭಾನುವಾರ ನಸುಕಿನಲ್ಲಿ ಮುದ್ದುಕೃಷ್ಣ ಬಸ್ಸು ಹತ್ತಿದಾಗ ಆ ನಾಲ್ವರೂ ಒಂದೇ ಕಡೆ ಕೂತಿದ್ದರು. ಸುದ್ದಿ ಅವರಿಗೆ ಮೊದಲೇ ತಲುಪಿತ್ತು. ಅವರಲ್ಲಿ ಚಿಕ್ಕವನು ಕುಂದಾಪುರ ಕಡೆಯ ಯಜ್ಞೇಶ್, ಕ್ರೇನಿಗೆ ಸಂಜ್ಞೆ ಕೊಡುವವನು.

"ಇವತ್ತಾದ್ರೂ ಗ್ಯಾವಿನ್ ಬತ್ನಾ ಸಾರ್?" ಎಂದ ಅವನು.

"ಇವತ್ತು ನೀನು." ಮುದ್ದುಕೃಷ್ಣ ಬ್ಯಾಗು ಮೇಲಿಟ್ಟು ಅವರ ನಡುವೆ ಜಾಗ ಮಾಡಿಕೊಂಡ. "ಕೆಲಸಕ್ಕೆ ನಿಂತ ಕೂಡ್ಲೇ ಮೊದಲು ಏನು ಮಾಡ್ತೀಯ, ನಿನ್ನ ಥರಾನೇ ಹೇಳು."

ಯಜ್ಞೇಶ್ ಕತ್ತಲಲ್ಲಿ ಅಂಗೈ ನೋಡಿಕೊಂಡ. ಬಸ್ಸಿನ ಉಳಿದವರು ಪರದೆ ಎಳೆದುಕೊಂಡು ನಿದ್ದೆಹೋಗಿದ್ದರು. ಅಲ್ ಖೋರ್ ದಾಟುವಾಗ ಬಲಗಡೆ ಬೆಳಕು ಹರಿಯಿತು. ಅವನು ತನ್ನ ಕಿಟಕಿಯ ಪರದೆಯನ್ನು ಒಂದು ಗೇಣು ಸರಿಸಿ, ಬಾಲ್‌ಪೆನ್ನಿನಲ್ಲಿ ಅಂಗೈ ಮೇಲೆ ಬರೆದುಕೊಂಡಿದ್ದ ತನ್ನ ಕೆಲಸದ ಐದಾರು ಇಂಗ್ಲಿಷ್ ಪದಗಳನ್ನು ಬಿಸಿಲಿಗೆ ಹಿಡಿದು, ತುಟಿ ಅಲ್ಲಾಡಿಸತೊಡಗಿದ.