ಹಸಿ ಗೆರೆ

ತೊಗಲು ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದು ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಅಂಚು ಕೊಯ್ದು ನೋಡಬೇಕು. ಕೊಯ್ದ ಕಡೆ ಈ ಬದಿಯಿಂದ ಆ ಬದಿಯವರೆಗೆ ಒಂದೇ ಕೆಂಪಿದ್ದರೆ, ತೊಗಲು ನೆನೆಹಾಕುವ ಬಾನಿಯಲ್ಲಿ ಹಾಕಿದ ತಂಗಡಿ ಗಿಡದ ಚಕ್ಕೆಯ ಒಗರು ಹೊಟ್ಟೆಯ ತನಕ ಇಳಿದಿದೆ ಎಂದರ್ಥ. ನಡುವೆ ಬಿಳಿಚಿಕೊಂಡ ಗೆರೆಯೊಂದು ಉಳಿದಿದ್ದರೆ ಅದಿನ್ನೂ ಹಸಿ. ಹಸಿ ತೊಗಲು ಒಣ ನೆಲದ ಮೇಲೆ ಕಲ್ಲಿನಂತೆ ನಿಲ್ಲುತ್ತದೆ. ನೀರು ತಾಗಿತೆಂದರೆ ಉಬ್ಬಿ, ಮೆತ್ತಗಾಗಿ, ಹೊಲಿಗೆಯನ್ನು ಬಿಟ್ಟುಕೊಡುತ್ತದೆ.

ಉಪ್ಪಿನಬೆಟಗೇರಿಯ ಉಡಚಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊರಿನ ಕೆರಗಳು, ಎತ್ತಿನ ಮಿಣಿ, ಬಾರುಕೋಲು ಎಲ್ಲವೂ ನಲವತ್ತು ವರ್ಷದಿಂದ ಅವನ ತೊಗಲು ಚುಚ್ಚುವ ಆರಿಯ ಮೊನೆಯಿಂದಲೇ ಬಂದಂಥವು. ಹಾಗಿದ್ದೂ ಮಗನ ಎಡಗಾಲಿನ ಬೂಟಿನ ತಳ ಕೊಯ್ದಾಗ ಎಳೆ ನೂಲಿನಷ್ಟು ಬಿಳಿ ಗೆರೆ ಕಂಡಿತ್ತು. ಕಂಡಿದ್ದನ್ನು ಅವನು ಯಾರಿಗೂ ಹೇಳಲಿಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಅಂಚಿನ ಸುತ್ತ ಸವರಿದ. ಗೆರೆ ಮುಚ್ಚಿಹೋಯಿತು.

ಈಗ ಅವನು ಹುಬ್ಬಳ್ಳಿಯ ಗಿರಣಿಯ ಕಾಲ್ಚೆಂಡಾಟದ ಬಯಲಿನ ಅಂಚಿನಲ್ಲಿ, ಬೇವಿನ ಮರದ ಬುಡಕ್ಕೆ ಕುಕ್ಕರುಗಾಲಿನಲ್ಲಿ ಕೂತು ಆಕಾಶ ನೋಡುತ್ತಿದ್ದ. ಪುಷ್ಯದ ಮಳೆಯ ದಿನಗಳು. ಉಣಕಲ್ಲಿನ ಕಡೆಯಿಂದ ಎದ್ದ ಮೋಡ ಎಮ್ಮೆಯ ಹೊಟ್ಟೆಯ ಹಾಗೆ ಕೆಳಗೆ ಜೋತುಬಿದ್ದಿತ್ತು.

ಗಿರಣಿಗೆ ಎರಡು ತಂಡಗಳಿದ್ದವು. ಮೊದಲನೆಯ ತಂಡದವರೆಲ್ಲ ಕಾಯಂ ಕೆಲಸದವರು. ಆಟಕ್ಕೆಂದೇ ಅವರನ್ನು ಗಿರಣಿಗೆ ತೆಗೆದುಕೊಂಡದ್ದು. ಎರಡನೆಯ ತಂಡದ ಹುಡುಗರು ಬೆಳಿಗ್ಗೆ ಗೇಟಿನ ಮುಂದೆ ನಿಲ್ಲುವ ಬದಲಿಗಳು. ಯಾರಾದರೂ ಕೆಲಸಕ್ಕೆ ಬಾರದಿದ್ದರೆ ಆ ದಿನದ ಮಟ್ಟಿಗೆ ಒಳಗೆ ಕರೆಯುತ್ತಿದ್ದರು. ಸಂಜೆ ಅವರೇ ಮೊದಲನೆಯ ತಂಡದವರ ಮುಂದೆ ಓಡಾಡಿ ಅವರಿಗೆ ರೂಢಿ ಮಾಡಿಸಬೇಕು. ಊರವರು ಆ ತಂಡವನ್ನೂ ‘ಬದಲಿ ತಂಡ’ ಎಂದೇ ಕರೆಯುತ್ತಿದ್ದರು. ಉಡಚಪ್ಪನ ಮಗ ಸೋಮಪ್ಪ ಮೂರು ವರ್ಷದಿಂದ ಅದರಲ್ಲಿದ್ದ. ಅವನಿಗೆ ಇಪ್ಪತ್ತೆರಡು ತುಂಬಿತ್ತು. ಈ ಸಲ ಮೇಲೆ ಹತ್ತದವನು ಮನೆಗೆ ಹೋಗಬೇಕು, ಹೊಸ ಹುಡುಗರಿಗೆ ಜಾಗ ಬಿಡಬೇಕು ಎಂದು ಗಿರಣಿಯ ಸಾಹೇಬರು ಹೇಳಿಯಾಗಿತ್ತು. ಮೇಲೆ ಖಾಲಿ ಇದ್ದದ್ದು ಒಂದೇ ಜಾಗ.

ಇನ್ನೊಂದು ಮಾತನ್ನೂ ಹೇಳಿದ್ದರು. ಮೊದಲನೆಯ ತಂಡ ಈ ವರ್ಷ ಪುಣೆಗೆ ಆಡಲು ಹೋಗುತ್ತದೆ, ಅಲ್ಲಿ ಬರಿಗಾಲಿನವರನ್ನು ಕಂಡು ಜನ ನಗಬಾರದು. ಬೂಟಿಲ್ಲದವನ ಹೆಸರು ಯಾದಿಯಲ್ಲಿ ಬರುವುದಿಲ್ಲ.

ಸೋಮಪ್ಪನ ಪಾದ ಹೊಲದಲ್ಲಿ ಬೆಳೆದ ಪಾದ. ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಅಂಗಡಿಯ ಬೂಟು ಒಂದೂ ಹಿಡಿಸಲಿಲ್ಲ. ಮೇಲಿನವರು ಬಿಟ್ಟುಕೊಟ್ಟ ಹಳೆಯ ಬೂಟುಗಳಲ್ಲಿ ಎರಡು ದಿನ ಓಡಿ ಹಿಮ್ಮಡಿಯ ತೊಗಲು ಕಿತ್ತುಕೊಂಡು ಊರಿಗೆ ಬಂದ. “ನಾ ಹೊಲೀತೇನಿ ಬಿಡು,” ಎಂದ ಉಡಚಪ್ಪ. ಬೂಟನ್ನು ಅವನು ಜನ್ಮದಲ್ಲಿ ಹೊಲಿದಿರಲಿಲ್ಲ. ಹರಿದುಹೋದ ಒಂದನ್ನು ತರಿಸಿ, ಹೊಲಿಗೆ ಹೊಲಿಗೆಯನ್ನೂ ಬಿಚ್ಚಿ, ತುಂಡುಗಳನ್ನು ಅಂಗಳದಲ್ಲಿ ಹರವಿ ಒಂದು ದಿನವಿಡೀ ನೋಡಿದ. ಹದವಾದ ಎಮ್ಮೆಯ ತೊಗಲು ಮನೆಯಲ್ಲಿದ್ದದ್ದು ಒಂದು ತಳಕ್ಕೆ ಸಾಕಾಗುವಷ್ಟು ಮಾತ್ರ. ಇನ್ನೊಂದಕ್ಕೆ ಬಾನಿಯಲ್ಲಿ ನೆನೆಯುತ್ತಿದ್ದ ತೊಗಲೇ ಗತಿ. ಅದಕ್ಕೆ ಒಂದೂವರೆ ತಿಂಗಳು ಬೇಕು. ಅಷ್ಟರಲ್ಲಿ ಆ ಒಂದು ಜಾಗಕ್ಕೆ ಆರಿಸುವ ಪರೀಕ್ಷೆಯ ಆಟವನ್ನು ಹದಿನೈದು ದಿನ ಮುಂಚೆ ಇಟ್ಟಿದ್ದಾರೆಂದು ಹುಬ್ಬಳ್ಳಿಯಿಂದ ಸುದ್ದಿ ಬಂತು. ಉಡಚಪ್ಪ ಅರ್ಧಕ್ಕೇ ತೊಗಲೆತ್ತಿ ತಳಕ್ಕೆ ಬೇಕಾದಷ್ಟು ಕೊಯ್ದುಕೊಂಡ; ಉಳಿದದ್ದನ್ನು ಮತ್ತೆ ಬಾನಿಗೆ ಬಿಟ್ಟ.

ಮಗ ಬಂದು ಬೂಟು ಹಾಕಿಕೊಂಡು ಅಂಗಳದಲ್ಲಿ ಕುಣಿದಾಡಿದಾಗ ತಾಯಿ ಕಸ್ತೂರೆವ್ವ ಬಾಗಿಲಿಗೆ ಅಡ್ಡ ನಿಂತಳು. “ಊರ ಅಗಸಿ ದಾಟೂತನಕ ಕಳದು ಕೈಯಾಗ ಹಿಡ್ಕೊ ಯಪ್ಪಾ. ಚಾವಡ್ಯಾಗ ಗೌಡ್ರು ಕುಂತಿರ್ತಾರ.” ಅವರ ಓಣಿಯವರು ಕೆರ ಹೊಲಿಯಬಹುದಿತ್ತು, ಮೆಟ್ಟಿಕೊಂಡು ಚಾವಡಿಯ ಮುಂದೆ ಹಾಯುವಂತಿರಲಿಲ್ಲ. ಸೋಮಪ್ಪ ಲಾಡಿಗಳನ್ನು ಕಟ್ಟಿ ಬೂಟು ಕೊರಳಿಗೆ ಜೋತುಬಿಟ್ಟುಕೊಂಡು ಹೋದ.

“ಏನ್ ಉಡಚಪ್ಪಣ್ಣಾ, ಮ್ಯಾಲ ಯಾರನ್ನ ನೋಡಾಕತ್ತೀ? ಆಟ ಕೆಳಗ ನಡೀತೈತಿ,” ಎಂದು ಲಾಲಸಾಬ ಬಂದು ಪಕ್ಕದಲ್ಲಿ ಕೂತ. ಬಯಲಿಗೆ ಸುಣ್ಣದ ಗೆರೆ ಎಳೆಯುವುದು, ಚೆಂಡಿಗೆ ಗಾಳಿ ತುಂಬುವುದು ಅವನ ಕೆಲಸ. ಅವನ ಬೆರಳುಗಳಿಗೆ ಇನ್ನೂ ಸುಣ್ಣ ಅಂಟಿತ್ತು.

“ಮಳಿ ಬರ್ತೈತೇನ್ರಿ?”

“ಬಂದ್ರ ಬರ್ಲಿ. ನಿನ್ನ ಮಗ ಎರಿ ಮಣ್ಣಾಗ ಹುಟ್ಟಿದಾಂವ, ಕೆಸರಾಗ ಮೀನಿದ್ದಂಗ. ಅವ್ನ ಎಡಗಾಲೈತಲ್ಲ, ಖರೇ ಹೇಳ್ತೇನಿ, ಈ ಗಿರಣ್ಯಾಗ ಅಂಥದ್ದು ಇನ್ನೊಂದಿಲ್ಲ.”

ಎಡಗಾಲು ಎಂಬ ಮಾತಿಗೆ ಉಡಚಪ್ಪ ಮತ್ತೆ ಮೋಡದ ಕಡೆ ನೋಡಿದ.

ಸೀಟಿ ಊದಿತು. ಮೊದಲನೆಯ ತಂಡಕ್ಕೂ ಬದಲಿ ತಂಡಕ್ಕೂ ಆಟ. ಬದಲಿಗಳನ್ನು ತಯಾರು ಮಾಡಿದ ಪಂಢರಿನಾಥ ಮಾಸ್ತರರು ಧೋತರದ ಚುಂಗು ಮೇಲೆ ಸಿಕ್ಕಿಸಿ, ಕೊಡೆ ಹಿಡಿದು, ಕಿರುಪುಸ್ತಕದಲ್ಲಿ ಏನೋ ಬರೆಯುತ್ತ ಗೆರೆಯುದ್ದಕ್ಕೂ ನಡೆಯುತ್ತಿದ್ದರು. ಆ ಒಂದು ಜಾಗಕ್ಕೆ ಅವರ ಕಣ್ಣಲ್ಲಿದ್ದವರು ಇಬ್ಬರು: ಎಡ ಅಂಚಿನಲ್ಲಿ ಓಡುವ ಸೋಮಪ್ಪ, ಬಲ ಅಂಚಿನಲ್ಲಿ ಓಡುವ ದತ್ತು. ದತ್ತು ಧಾರವಾಡದ ಕಾರಕೂನರ ಮಗ. ಅವನ ಬೂಟು ಮುಂಬಯಿಯದು.

ಉಡಚಪ್ಪನಿಗೆ ಆಟ ತಿಳಿಯುತ್ತಿರಲಿಲ್ಲ. ಚೆಂಡು ಎಲ್ಲಿದೆ ಎಂದೂ ಅವನು ನೋಡಲಿಲ್ಲ. ಇಪ್ಪತ್ತೆರಡು ಜೋಡಿ ಕಾಲುಗಳಲ್ಲಿ ಒಂದೇ ಕಾಲನ್ನು ಹಿಡಿದು ಅವನ ಕಣ್ಣು ಓಡಾಡುತ್ತಿತ್ತು. ಒಣಗಿದ್ದ ನೆಲದಲ್ಲಿ ಎಡಬೂಟು ಚೆನ್ನಾಗಿಯೇ ಇತ್ತು. ಒತ್ತಿದಲ್ಲಿ ಒತ್ತುತ್ತಿತ್ತು, ತಿರುಗಿದಲ್ಲಿ ತಿರುಗುತ್ತಿತ್ತು. ಒಮ್ಮೆ ಜನ ಹೋ ಎಂದರು. ಏನಾಯಿತೆಂದು ಅವನು ಕೇಳಲಿಲ್ಲ.

ಮೊದಲ ಹನಿ ಅವನ ಮೊಣಕೈಗೆ ಬಿತ್ತು. ಎರಡನೆಯದು ರುಮಾಲಿಗೆ. ಆಮೇಲೆ ಲೆಕ್ಕವಿರಲಿಲ್ಲ.

ಎರೆಮಣ್ಣು ನೀರು ಕುಡಿದು ಕಪ್ಪು ಅಂಟಾಯಿತು. ಅಂಟನ್ನು ಹೊತ್ತ ಕಾಲುಗಳು ಆನೆಗಾಲುಗಳಾದವು. ಸೋಮಪ್ಪ ಎಡಗಾಲೆತ್ತಿ ಹೊಡೆದ. ಹೊಡೆದ ಮೇಲೆ ಆ ಕಾಲನ್ನು ನೆಲಕ್ಕೆ ಇಡುವಾಗ ಒಂದು ಗಳಿಗೆ ಅನುಮಾನಿಸಿದ. ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ಉಡಚಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡ. ಇನ್ನೊಂದು ಓಟದಲ್ಲಿ ಬೂಟಿನ ಮೂತಿ ಸಣ್ಣಗೆ ತೆರೆದು ಮುಚ್ಚಿದ್ದು ಅವನಿಗೆ ಬೇವಿನ ಬುಡದಿಂದಲೇ ಕಂಡಿತು. ಅಲ್ಲಿಂದ ಮುಂದೆ ಮಗ ಚೆಂಡನ್ನು ಬಲಗಾಲಿಗೇ ತೆಗೆದುಕೊಳ್ಳತೊಡಗಿದ. ಎರಡು ಸಲ ತಪ್ಪಿದ. ಮಾಸ್ತರರು ಪುಸ್ತಕ ಮುಚ್ಚಿ ಅವನನ್ನೇ ನೋಡುತ್ತ ನಿಂತರು.

ಅರ್ಧ ಆಟಕ್ಕೆ ಸೀಟಿಯಾದಾಗ ಸೋಮಪ್ಪ ಕುಂಟುತ್ತ ಬಂದು ತಂದೆಯ ಮುಂದೆ ಕಾಲು ಚಾಚಿದ.

“ಯಪ್ಪಾ, ತಳ ಬಿಟ್ಟೈತಿ ನೋಡು.”

ಉಡಚಪ್ಪ ಹೆಬ್ಬೆರಳಿನಿಂದ ಒತ್ತಿ ನೋಡಿದ. ತೊಗಲು ನೆನೆದ ರೊಟ್ಟಿಯಂತೆ ಒಳಗೆ ಹೋಯಿತು. ಕಾಡಿಗೆ ತೊಳೆದುಹೋಗಿತ್ತು. ಗೆರೆ ಈಗ ನೂಲಿನಷ್ಟಲ್ಲ, ಹುರಿಯಷ್ಟು ದಪ್ಪಗೆ ಊದಿಕೊಂಡು ಬೆಳ್ಳಗೆ ಎದ್ದು ಕಾಣುತ್ತಿತ್ತು.

“ನನಗ ಗೊತ್ತಿತ್ತು,” ಎಂದ.

“ಏನ್ ಗೊತ್ತಿತ್ತು?”

“ಅರ್ಧಕ್ಕ ತಗದಿದ್ದೆ ಬಾನ್ಯಾಗಿಂದ. ಒಳಗ ಹಸಿ ಇತ್ತು. ಕಾಡಿಗಿ ಹಚ್ಚಿ ಮುಚ್ಚಿದೆ.”

ಸೋಮಪ್ಪ ತಂದೆಯ ಮುಖ ನೋಡಿದ. ಮಳೆ ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. “ಹೇಳ್ಬೇಕಿತ್ತಿಲ್ಲೋ ಯಪ್ಪಾ.”

“ಹೇಳಿದ್ರ ಹಾಕ್ಕೊಂತಿದ್ದೇನು?”

“ಇದನ್ನ ಬಿಟ್ಟು ಮತ್ತೇನ್ ಹಾಕ್ಕೊಳ್ಳಿ? ಹಾಕ್ಕೊಂತಿದ್ದೆ. ಆದ್ರ ಮಳಿ ಬರೂದ್ರಾಗ ಎಡಗಾಲ್ಲೆ ಆಡಿ ಮುಗಸ್ತಿದ್ದೆ. ಈಗ ನೋಡು, ಮಾಸ್ತರ್ರು ನಾ ಹೆದರೇನಿ ಅಂತ ಬರಕೊಂಡಿರ್ತಾರ.”

ಲಿಂಬೆಹೋಳು ಚೀಪುತ್ತ ಹಾದುಹೋಗುತ್ತಿದ್ದ ದತ್ತು ಬಗ್ಗಿ ನೋಡಿ ನಕ್ಕ. “ಏನೋ ಸೋಮ್ಯಾ, ನಿನ್ನ ಬೂಟಿಗೂ ಹಸಿವ್ಯಾಗೇದೇನು? ಬಾಯಿ ತಗದು ಕೂತದ!”

ಉಡಚಪ್ಪ ಉಡಿಯೊಳಗಿಂದ ಆರಿಯನ್ನೂ ಮೇಣ ತಿಕ್ಕಿದ ದಾರದ ಉಂಡೆಯನ್ನೂ ತೆಗೆದ. ಬೆಳಿಗ್ಗೆ ಹೊರಡುವಾಗ ಅವನ್ನು ಸಿಕ್ಕಿಸಿಕೊಳ್ಳುವಾಗಲೇ ತನಗೆ ಎಲ್ಲವೂ ಗೊತ್ತಿತ್ತಲ್ಲ ಎಂದು ಅವನಿಗೆ ಮತ್ತೆ ಚುಚ್ಚಿತು. ಆದರೆ ಹೊಲಿಯುವುದು ಎಲ್ಲಿಗೆ? ಹಸಿ ತೊಗಲಿಗೆ ಹಾಕಿದ ಹೊಲಿಗೆ ಬೆಣ್ಣೆಗೆ ಹಾಕಿದ ಹಾಗೆ. ಅವನು ಸುತ್ತ ನೋಡಿದ. ಮರ, ಕೆಸರು, ಸುಣ್ಣದ ಬುಟ್ಟಿ. ಕಡೆಗೆ ತನ್ನ ಕಾಲನ್ನು ನೋಡಿಕೊಂಡ. ಐದು ವರ್ಷ ಮೆಟ್ಟಿದ ಕೆರ, ತನ್ನ ಕೈಯದೇ. ಬಾನಿಯಲ್ಲಿ ಪೂರ್ತಿ ಎರಡು ತಿಂಗಳು ಕೂತ ತೊಗಲು. ಎಡಗಾಲಿನದನ್ನು ಕಳಚಿ, ಹೆಬ್ಬೆರಳಿನ ಉಂಗುಟ ಕತ್ತರಿಸಿ ಎಸೆದು, ಬೂಟಿನ ಕೆಳಗೆ ಹಿಡಿದು ನೋಡಿದ. ಅಳತೆ ಸ್ವಲ್ಪ ಹೆಚ್ಚಾಯಿತು.

“ಲಾಲಸಾಬರ, ಒಂದೀಟು ಗೋಣಿ ತಟ್ಟು ಹಿಡೀರಿ ಮ್ಯಾಲ. ದಾರ ತೊಯ್ಯಬಾರದು.”

ಪಂಢರಿನಾಥ ಮಾಸ್ತರರು ಕೊಡೆ ಹಿಡಿದು ಬಂದರು. “ಏನ್ ಮಾಡ್ಲಿಕ್ಹತ್ತೀ ಉಡಚಪ್ಪಾ? ಸೀಟಿ ಹೊಡೀತಾರ ಈಗ.”

“ಸ್ವಲ್ಪ ತಡೀರಿ ಮಾಸ್ತರ್ರ, ಆಗಿಬಿಡ್ತೈತ್ರಿ.”

“ನಾ ತಡದ್ರ ಸಾಹೇಬ್ರು ತಡೀತಾರೇನು? ಹತ್ತು ಮಂದಿ ಆಡ್ತಾರ. ಇಂವ ಬಂದಾಗ ಬರ್ಲಿ.” ಎರಡು ಹೆಜ್ಜೆ ಹೋದವರು ತಿರುಗಿ ದನಿ ತಗ್ಗಿಸಿ, “ಲಗೂ ಮಾಡು,” ಎಂದರು.

ಸೀಟಿಯಾಯಿತು. ಸೋಮಪ್ಪ ಒಂದು ಬೂಟಿನಲ್ಲಿ ನಿಂತು ಬಯಲಿನ ಕಡೆ ಕತ್ತು ಚಾಚಿದ್ದ. ಉಡಚಪ್ಪ ಆರಿ ಒತ್ತಿದ. ಕೆರದ ತೊಗಲು ಹಟ ಮಾಡಿತು. ಆ ಹಟ ಕೈಗೆ ತಾಗಿದಾಗ ಅವನಿಗೆ ಉಸಿರು ಬಂತು. ಹಸಿ ತಳವನ್ನು ನಡುವೆ ಸಿಕ್ಕಿಸಿ, ಕೆರವನ್ನು ಬೂಟಿನ ಮೇಲ್ತೊಗಲಿಗೇ ಸೇರಿಸಿ ಹೊಲಿಯಬೇಕು. ಮೂತಿಗೆ ಆರು ಹೊಲಿಗೆ. ಆರಿ ಜಾರಿತು, ಹೆಬ್ಬೆರಳಿಂದ ರಕ್ತ ಬಂತು. ಬಯಲಿನಲ್ಲಿ ಗದ್ದಲವೆದ್ದಿತು.

“ನಮ್ಮ ಮ್ಯಾಲ ಒಂದು ಗೋಲಾತು,” ಎಂದ ಸೋಮಪ್ಪ. “ನನ್ನ ಕಡೆಯಿಂದನ ಬಂದ್ರು. ಯಪ್ಪಾ, ಸಾಕು, ಕೊಡು.”

“ತಡಿ.”

“ಮಾಸ್ತರ್ರು ಇತ್ಲಾಗ ನೋಡಾಕತ್ತಾರ.”

“ನೋಡ್ಲಿ. ಒಂದ್ಸಲ ಅವಸರ ಮಾಡಿದ್ದು ಸಾಕಾಗೈತಿ ನನಗ.”

ಬಲಬದಿಗೆ ಏಳು. ಎಡಬದಿಗೆ ಏಳು. ಲಾಲಸಾಬನ ಕೈ ಸೋತು ಗೋಣಿ ತಟ್ಟು ಇಳಿಯುತ್ತಿತ್ತು. ಅವನು ಆಟದ ಮೇಲಿನ ತಮಾಷೆ ನಿಲ್ಲಿಸಿ ಹೊಲಿಗೆಗಳನ್ನು ಎಣಿಸುತ್ತಿದ್ದ. ಹಿಮ್ಮಡಿಗೆ ನಾಲ್ಕು ಹಾಕಿ, ಹಲ್ಲಿನಿಂದ ದಾರ ಕಡಿದು, ಉಡಚಪ್ಪ ಬೂಟನ್ನು ಮಗನ ಕಾಲಿಗೆ ತಾನೇ ತೊಡಿಸಿ ಲಾಡಿ ಬಿಗಿದ. “ಹೊಡಿ ಇನ್ನ ಎಡಗಾಲ್ಲೆ,” ಎಂದ. “ಹರದ್ರ ನನ್ನ ಹೆಸರು ಕರೀಬ್ಯಾಡ.”

ಸೋಮಪ್ಪ ಓಡಿದ. ಮೊದಲ ಹೊಡೆತ ದಪ್ಪ ತಳದಿಂದಾಗಿ ಎತ್ತಲೋ ಹೋಯಿತು, ಯಾರೋ ನಕ್ಕರು. ಎರಡನೆಯದು ಸರಿಯಾಯಿತು. ಉಡಚಪ್ಪ ಎದ್ದುನಿಂತ. ಕೆಸರು ಹತ್ತಿ ಬೂಟು ಯಾವುದು ಕಾಲು ಯಾವುದು ಎಂಬುದೇ ಅಳಿಸಿಹೋಗಿತ್ತು. ಆದರೂ ಮೂತಿ ಮುಚ್ಚಿಯೇ ಇತ್ತು. ಎಡ ಅಂಚಿನಲ್ಲಿ ಆ ಕಾಲು ಓಡಿತು, ನಿಂತಿತು, ತಿರುಗಿತು, ಬೀಸಿತು, ನೆಲಕ್ಕೆ ಗಟ್ಟಿಯಾಗಿ ಊರಿತು. ಮೂತಿ ತೆರೆಯಲಿಲ್ಲ. “ಹಿಡೀತು!” ಎಂದು ಅವನು ಕೂಗಿದ. ಅದೇ ಹೊತ್ತಿಗೆ ಜನವೆಲ್ಲ ಕೂಗಿದರು. ಲಾಲಸಾಬ ಅವನ ಭುಜ ಹಿಡಿದು ಅಲುಗಾಡಿಸಿದ.

“ನೋಡಿದೇನು? ಎಲ್ಲಿಂದ ಕೊಟ್ಟ! ದತ್ತು ಬರೇ ತಲಿ ಒಡ್ಡಿದ, ಒಳಗ ಹೋತು!”

“ಏನ್ ಒಳಗ ಹೋತ್ರಿ?” ಎಂದ ಉಡಚಪ್ಪ.

ಆಟ ಒಂದಕ್ಕೊಂದು ಸಮನಾಗಿ ಮುಗಿಯಿತು. ಮಾಸ್ತರರು ಇಬ್ಬರನ್ನೂ ದೂರಕ್ಕೆ ಕರೆದರು. ಮಳೆಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಕೊಡೆಯ ನೆರಳಿನಲ್ಲಿ ಮುಖಗಳೂ ಕಾಣುತ್ತಿರಲಿಲ್ಲ. ಉಡಚಪ್ಪನಿಗೆ ಕಂಡದ್ದು ಮೂರು ಜೋಡಿ ಕಾಲುಗಳು. ಮಾಸ್ತರರ ಜೋಡು ಅಲುಗಾಡಲಿಲ್ಲ. ಮಗನ ಎಡಬೂಟಿನ ಮೂತಿ ಕೆಸರನ್ನು ಕೆದರುತ್ತಿತ್ತು, ಸಣ್ಣವನಿದ್ದಾಗ ಬೈಸಿಕೊಳ್ಳುತ್ತ ನಿಂತಾಗ ಕೆದರುತ್ತಿದ್ದನಲ್ಲ, ಹಾಗೆಯೇ. ಮುಂಬಯಿಯ ಬೂಟು ಮೊದಲು ತಿರುಗಿತು. ಗೆದ್ದವನು ಮೊದಲು ತಿರುಗುತ್ತಾನೋ, ಸೋತವನೋ? ಅವನಿಗೆ ತಿಳಿಯಲಿಲ್ಲ.

ದತ್ತು ಬೇವಿನ ಹತ್ತಿರ ಹಾಯುವಾಗ ನಿಂತ. ನಗಲು ನೋಡಿದ, ಪೂರ್ತಿ ಬರಲಿಲ್ಲ. ಹಿಂದೆ ಬರುತ್ತಿದ್ದ ಸೋಮಪ್ಪನಿಗೆ, “ನಿಮ್ಮಪ್ಪಗ ಹೇಳೋ, ನನಗೂ ಒಂದು ಜೋಡು ಹೊಲೀಲಿ,” ಎಂದು ಹೇಳಿ ಹೋದ.

ಸೋಮಪ್ಪ ಬಂದು ತಂದೆಯ ಪಕ್ಕದಲ್ಲಿ ಕೂತು ಕಾಲು ಚಾಚಿದ. “ನಾಳಿಂದ ಗೇಟಿನ ಮುಂದ ನಿಂದ್ರೂದಿಲ್ಲ ಯಪ್ಪಾ, ಮ್ಯಾಲಿನ ತಂಡಕ್ಕ ತಗೊಂಡ್ರು,” ಎಂದಷ್ಟೇ ಹೇಳಿದ. ಉಡಚಪ್ಪ ಅವನ ಎಡಗಾಲನ್ನು ತೊಡೆಯ ಮೇಲೆಳೆದುಕೊಂಡು ಕೆಸರು ಒರೆಸಿ ಹೊಲಿಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

ರಾತ್ರಿ ಧಾರವಾಡದಲ್ಲಿ ತಂಗಿ ಮುತ್ತವ್ವನ ಮನೆಯಲ್ಲಿ ಮಲಗಿ, ಮರುದಿನ ಹೊತ್ತೇರುವಾಗ ಅವನು ಊರು ಮುಟ್ಟಿದ. ಅಗಸಿಯಲ್ಲಿ ರೂಢಿಯಂತೆ ಬಗ್ಗಿದ; ಕಾಲಿನಲ್ಲಿ ಕಳಚಲು ಏನೂ ಇರಲಿಲ್ಲ. ಉಳಿದ ಬಲಗಾಲಿನ ಕೆರ ಧಾರವಾಡದಿಂದಲೂ ಕೈಯಲ್ಲೇ ಇತ್ತು.

ಚಾವಡಿಯಲ್ಲಿ ಕೂತಿದ್ದ ಗೌಡರು ನೋಡಿದರು. “ಏನೋ ಉಡಚ್ಯಾ, ಒಂದ ಹಿಡ್ಕೊಂಡು ಹೊಂಟೀಯಲ್ಲ, ಇನ್ನೊಂದು ಎಲ್ಲಿ ಕಳಕೊಂಡಿ?”

“ಕಳಕೊಂಡಿಲ್ರಿ ಗೌಡ್ರ,” ಎಂದ ಉಡಚಪ್ಪ. “ಅದು ಹುಬ್ಬಳ್ಳ್ಯಾಗ ಚೆಂಡಾಟ ಆಡಾಕತ್ತೈತ್ರಿ.”

ಮನೆಗೆ ಬಂದವನು ಕಸ್ತೂರೆವ್ವನಿಗೆ ಸುದ್ದಿ ಹೇಳಿ, ಅವಳು ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಹಿತ್ತಲಿಗೆ ನಡೆದ. ಬಾನಿಯಿಂದ ಉಳಿದ ತೊಗಲನ್ನೆತ್ತಿ ಮೂಲೆಯೊಂದನ್ನು ಕೊಯ್ದು ಬಿಸಿಲಿಗೆ ಹಿಡಿದ. ಗೆರೆ ಸಣ್ಣದಾಗಿತ್ತು, ಆದರೆ ಇತ್ತು.

“ಪುಣೇದ ಆಟ ಎಂದೈತಿ?” ಎಂದಳು ಬಾಗಿಲಿಗೆ ಬಂದ ಕಸ್ತೂರೆವ್ವ.

“ಇನ್ನ ಒಂಬತ್ತು ದಿನಕ್ಕ.”

“ತೊಗಲು?”

“ಹದಿನಾಕು ಬೇಕು.” ಅವನು ತೊಗಲನ್ನು ಮತ್ತೆ ನೀರಿಗೆ ಬಿಟ್ಟು, ಮೇಲೆ ಒಂದು ಬೊಗಸೆ ಚಕ್ಕೆ ಉದುರಿಸಿದ. “ಆ ಕೆರದ ತಳ ಒಂದಾಟ ತಡೀತೈತಿ. ಎರಡನೇದ್ದಕ್ಕ ಹೇಳಾಕ ಬರೂದಿಲ್ಲ.”

ಕೈ ಒರೆಸಿಕೊಳ್ಳುತ್ತ ಕೇಳಿದ: “ಪುಣೇದಾಗ ಈಗ ಮಳಿ ಹೆಂಗಿರ್ತೈತಿ? ಯಾರಿಗರೆ ಗೊತ್ತಿದ್ರ ಕೇಳ್ಕೊಂಡು ಬಾ ಹೋಗು.”